ಗಂಟೆಗೆ ಹನ್ನೆರಡೇ ಸಹಿ, ಆದರೂ ಗೆದ್ದೆ

"ಮನೆಮನೆ ಬಾಗಿಲು ತಟ್ಟಿ 25,000 ಸಹಿ ಮಾಡಿಸ್ತೀಯಾ? ಅಷ್ಟರಲ್ಲಿ ಎಲೆಕ್ಷನ್ನೇ ಮುಗಿದಿರುತ್ತೆ ಕಣೋ." ಹೀಗಂದು ನಕ್ಕಿದ್ದು ನನ್ನ ಜೊತೆಗೇ ಕ್ಲಿಪ್‌ಬೋರ್ಡ್ ಹಿಡಿದು ಓಡಾಡುತ್ತಿದ್ದ ದಾವಣಗೆರೆ ಗೆಳೆಯ. 2016, ಅಮೆರಿಕದ ಇಲಿನಾಯ್ ರಾಜ್ಯ. ಎರಡು ದೊಡ್ಡ ಪಕ್ಷ ಬಿಟ್ಟು ಮೂರನೇ ಪಕ್ಷದ ಅಧ್ಯಕ್ಷ ಅಭ್ಯರ್ಥಿಯ ಹೆಸರು ಮತಪತ್ರದಲ್ಲಿ ಬರಬೇಕಾದರೆ ನೋಂದಾಯಿತ ಮತದಾರರ ಅಷ್ಟು ಸಹಿ ಬೇಕಿತ್ತು. ಇದ್ದದ್ದು 90 ದಿನ.

ಮೊದಲ ಮೂರು ವಾರ ನಾನೂ ಎಲ್ಲರಂತೆ ಸಂತೆ, ಲೈಬ್ರರಿ ಮುಂದೆ ನಿಂತೆ. ಗಂಟೆಗೆ ಇಪ್ಪತ್ತು ಸಹಿ ಬರುತ್ತಿತ್ತು, ಖುಷಿಯೋ ಖುಷಿ. ರಾತ್ರಿ ಮತದಾರರ ಪಟ್ಟಿಯ ಜೊತೆ ತಾಳೆ ನೋಡಿದರೆ ಒಂಬತ್ತೂ ನಿಲ್ಲುತ್ತಿರಲಿಲ್ಲ. ಮನೆ ಬದಲಿಸಿದವರು ಹೊಸ ವಿಳಾಸ ಬರೆದಿರುತ್ತಾರೆ, ಪಟ್ಟಿಯಲ್ಲಿ ಹಳೆಯದೇ ಇರುತ್ತೆ. ಕೆಲವರು ನೋಂದಣಿಯನ್ನೇ ಮಾಡಿಸಿಲ್ಲ. ಸಹಿಗಳ ಮೇಲೆ ಯಾರಾದರೂ ಆಕ್ಷೇಪಣೆ ಹಾಕಿದರೆ ಮೊದಲು ಉದುರುವುದೇ ಇಂಥವು.

ಆಮೇಲೆ ದುಡ್ಡಿನ ದಾರಿ. ಸಹಿಗೆ ಮೂರು ಡಾಲರ್ ಅಂತ ಒಬ್ಬ ಗುತ್ತಿಗೆಯವನಿಗೆ ಕೊಟ್ಟೆ. 600 ಸಹಿ ತಂದ, 1,800 ಡಾಲರ್ ಎಣಿಸಿದೆ. ಒಂದು ಹಾಳೆಯಲ್ಲಿ ಹದಿನೈದು ಹೆಸರು, ಹದಿನೈದಕ್ಕೂ 'ಜಿ' ಅಕ್ಷರದ ಬಾಲ ಒಂದೇ ಥರ ಸುತ್ತಿಕೊಂಡಿತ್ತು! ಅಂಥ ಹಾಳೆಗಳನ್ನೆಲ್ಲ ಹರಿದುಹಾಕಿದ ಮೇಲೆ ಉಳಿದದ್ದು 230ರ ಆಸುಪಾಸು. ಒಂದು ಸಹಿಗೆ ಹತ್ತಿರ ಹತ್ತಿರ ಎಂಟು ಡಾಲರ್ ಬಿತ್ತು. ಮನೆಯಲ್ಲಿ ಈ ಲೆಕ್ಕ ಇವತ್ತಿಗೂ ಹೇಳಿಲ್ಲ.

ನಡುವೆ ಯುಗಾದಿ ಬಂತು. ಕನ್ನಡದವರ ಕಾರ್ಯಕ್ರಮಕ್ಕೂ ಕ್ಲಿಪ್‌ಬೋರ್ಡ್ ಒಯ್ದೆ. ಇನ್ನೂರು ಜನ ಇದ್ದರು, ಅರ್ಧಕ್ಕರ್ಧ ಎಚ್-1ಬಿ, ಗ್ರೀನ್ ಕಾರ್ಡು, ಅಂದರೆ ವೋಟಿನ ಹಕ್ಕಿಲ್ಲದವರು. ಮಗನ ಮನೆಗೆ ಆರು ತಿಂಗಳಿಗೆ ಬಂದಿದ್ದ ಅಜ್ಜಿಯೊಬ್ಬರು "ಸಹಿ ತಾನೇ, ಕೊಡಪ್ಪಾ" ಅಂತ ದುಂಡಗೆ ಕನ್ನಡದಲ್ಲೇ ಹಾಕಿಬಿಟ್ಟರು. ಆ ಸಾಲು ಹೊಡೆದುಹಾಕುವಾಗ ಬೇಜಾರಾಯಿತು. ಹೋಳಿಗೆ ಮಾತ್ರ ಚೆನ್ನಾಗಿತ್ತು.

ಕೊನೆಗೆ ಪಟ್ಟಿಯನ್ನೇ ಬೀದಿವಾರು ಮುದ್ರಿಸಿಕೊಂಡು ಶಿಕಾಗೋ ಪಕ್ಕದ ನೇಪರ್‌ವಿಲ್ ಕಡೆ ಬಾಗಿಲು ತಟ್ಟತೊಡಗಿದೆ. ಸಂಜೆ ಐದೂವರೆಯಿಂದ ಎಂಟು. ಹೆಸರು ವಿಳಾಸ ಎರಡೂ ನನ್ನ ಕೈಯಲ್ಲೇ ಇರುತ್ತಿದ್ದವು. ಗಂಟೆಗೆ ಹನ್ನೆರಡು ಬಂದರೆ ಹನ್ನೊಂದು ಗಟ್ಟಿ. "ಇದು ವೋಟಲ್ಲ, ಹೆಸರು ಹಾಕಿಸೋಕೆ ಮಾತ್ರ" ಅನ್ನುವುದು ಮೊದಲ ಮಾತು. ಎರಡನೆಯ ಮಾತು ಇಲ್ಲಿ ಬರೆಯಲ್ಲ, ಅದರಲ್ಲೇ ಇರೋದು ಮಜಾ.

ಒಬ್ಬ ಮುದುಕ ಬಾಗಿಲಲ್ಲೇ ರೇಗಿದ. 2000ದಲ್ಲಿ ಫ್ಲೋರಿಡಾದಲ್ಲಿ ಮೂರನೇ ಪಕ್ಷದ ನೇಡರ್‌ಗೆ 97 ಸಾವಿರ ವೋಟು, ಬುಷ್ ಅಲ್ಲಿ ಗೆದ್ದದ್ದು ಬರೀ 537 ವೋಟಿನ ಅಂತರದಲ್ಲಿ, ಎಲ್ಲ ನಿಮ್ಮಂಥವರಿಂದ ಅಂತ. ವಾದಕ್ಕಿಳಿದರೆ ಮೂರು ಮನೆ ಹೋದ ಹಾಗೆ, ಸುಮ್ಮನಿದ್ದೆ. ಗಂಡ ಒಳಗೆ ಹೋದ ಮೇಲೆ ಹೆಂಡತಿ ಮೆಲ್ಲಗೆ ಬಂದು ಸಹಿ ಹಾಕಿದಳು. ದಾವಣಗೆರೆಯವನ ವರಾತವೇ ಬೇರೆ: 1992ರಲ್ಲಿ ಪಕ್ಷೇತರ ಪೆರೋಗೆ ನೂರಕ್ಕೆ ಹತ್ತೊಂಬತ್ತು ವೋಟು ಬಿದ್ದೂ, ಅಧ್ಯಕ್ಷ ಯಾರೆಂದು ತೀರ್ಮಾನಿಸುವ ರಾಜ್ಯವಾರು ಎಲೆಕ್ಟೋರಲ್ ಮತ ಸೊನ್ನೆ, ನಿಂದೇನು ಅಂತ. ಗೆಲ್ಲಿಸೋದು ನನ್ನ ಕೆಲಸ ಅಲ್ಲ ಮಾರಾಯಾ, ಹೆಸರು ಹಾಕಿಸೋದು.

ನನ್ನ ಪಾಲಿನದು ಸುಮಾರು 2,400, ಗುತ್ತಿಗೆಯವನಿಗೆ ಸುರಿದದ್ದು ಬಿಟ್ಟರೆ ಪೆಟ್ರೋಲು ಪ್ರಿಂಟು ಸೇರಿ ಖರ್ಚು ನಾನೂರು ಡಾಲರ್ ಚಿಲ್ಲರೆ. ಹಾಳೆಗಳಿಗೆ ನೋಟರಿ ಮಾಡಿಸಿ, ಕ್ರಮವಾಗಿ ನಂಬರ್ ಹಾಕಿ, ಹೊಲಿದ ಹಾಗೆ ಬಿಗಿದು ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನ ಚುನಾವಣಾ ಕಚೇರಿಗೆ ಕಳಿಸಿದೆವು. ನವೆಂಬರಿನಲ್ಲಿ ಹೆಸರು ಮತಪತ್ರದಲ್ಲಿತ್ತು. ನಕ್ಕವನು ಕಾಫಿ ಕೊಡಿಸಿದ.

ಈಗ 2028ಕ್ಕೆ ನ್ಯೂಯಾರ್ಕಿಗೆ ಬಾ ಅಂತಿದ್ದಾರೆ. ಅಲ್ಲಿ 45,000 ಸಹಿ, ಆರೇ ವಾರ. ಮೊದಲು ಮತದಾರರ ಪಟ್ಟಿ ಕಳಿಸಿ, ಆಮೇಲೆ ಮಾತಾಡೋಣ ಅಂದಿದ್ದೇನೆ.