ಲೈಟ್ ಕೊಟ್ಟರೆ ಮುಂದೆ ಮಕ್ಕಳಿಗೆ ತೊಂದರೆಯಾ?

"ನಾಳೆ ಮದುವೆಯಾಗಿ ಮಕ್ಕಳಾದರೆ ಅವಕ್ಕೂ ಏನಾದ್ರೂ ಆಗುತ್ತಾ ಡಾಕ್ಟ್ರೇ?"

ಸಕಲೇಶಪುರದ ಕಡೆಯಿಂದ ತೊನ್ನಿನ ಚಿಕಿತ್ಸೆಗೆ ಬರುತ್ತಿದ್ದ ಹುಡುಗಿಯ ತಾಯಿ ಕೇಳಿದ್ದು. ಲೈಟ್ ಟ್ರೀಟ್‌ಮೆಂಟಿನಿಂದ ಕ್ರೋಮೋಸೋಮ್, ಅಂದರೆ ಹೆತ್ತವರ ಗುಣವನ್ನು ಮಕ್ಕಳಿಗೆ ಒಯ್ಯುವ ಡಿಎನ್‌ಎ ಎಳೆ, ಹಾಳಾಗುತ್ತೆ ಅಂತ ಅವರಿಗೆ ಯಾರೋ ಹೇಳಿದ್ದರು. ಹಾಸನದಲ್ಲಿ ಚರ್ಮರೋಗ ನೋಡುವ ನಾನು ಸುಮ್ನೆ "ಏನೂ ಆಗಲ್ಲಮ್ಮ" ಅಂದುಬಿಡಬಹುದಿತ್ತು. ಅದು ಪೂರ್ತಿ ನಿಜ ಆಗುತ್ತಿರಲಿಲ್ಲ.

ನಾವು ಕೊಡುವುದು 311 ನ್ಯಾನೋಮೀಟರ್ ಆಸುಪಾಸಿನ ಯುವಿಬಿ, ಅಂದರೆ ಬಿಸಿಲಿನಲ್ಲೂ ಇರುವ ಒಂದು ಬಗೆಯ ನೇರಳಾತೀತ ಬೆಳಕು. ಚರ್ಮದ ಮೇಲ್ಪದರದ ಜೀವಕೋಶಗಳ ಡಿಎನ್‌ಎಗೆ ಅದರಿಂದ ಪೆಟ್ಟು ಬೀಳುತ್ತದೆ, ಬಿಸಿಲಿನಿಂದ ಬೀಳುವ ಹಾಗೆಯೇ. ಡಿಎನ್‌ಎಯ ಪಕ್ಕಪಕ್ಕದ ಎರಡು ಅಕ್ಷರಗಳು ಅಂಟಿಕೊಳ್ಳುತ್ತವೆ. ಜೀವಕೋಶ ಆ ಜಾಗವನ್ನು ಕತ್ತರಿಸಿ ತೆಗೆದು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಪೆಟ್ಟು ಜಾಸ್ತಿಯಾದರೆ ತಾನೇ ಸಾಯುತ್ತದೆ. ಆದರೆ ಮಗುವಿಗೆ ಹೋಗುವ ಕ್ರೋಮೋಸೋಮ್ ಇರುವುದು ಅಂಡಾಶಯದಲ್ಲಿ. ಅಷ್ಟು ಆಳಕ್ಕೆ ಈ ಬೆಳಕು ಇಳಿಯುವುದೇ ಇಲ್ಲ. ಇದನ್ನು ಹೇಳಿದಾಗ ಆ ತಾಯಿ ಮಗಳ ಕೈ ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

ಹಳೆಯ ಪುವಾ ಚಿಕಿತ್ಸೆಯ ಕಥೆ ಬೇರೆ. ಅದರಲ್ಲಿ ಸೋರಲೆನ್ ಮಾತ್ರೆ ನುಂಗಿ ಯುವಿಎ ಎಂಬ ಇನ್ನೊಂದು ಬಗೆಯ ನೇರಳಾತೀತ ಬೆಳಕಿಗೆ ನಿಲ್ಲಬೇಕು. ಬೆಳಕು ಬಿದ್ದಾಗ ಸೋರಲೆನ್ ಡಿಎನ್‌ಎಯ ಎರಡೂ ಎಳೆಗಳನ್ನು ಸೇರಿಸಿ ಹೊಲಿದುಬಿಡುತ್ತದೆ. ಅದನ್ನು ಬಿಡಿಸುವುದು ಜೀವಕೋಶಕ್ಕೆ ಕಷ್ಟ. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ನೂರಾರು ಸಲ ಪುವಾ ತೆಗೆದುಕೊಂಡ ಅಮೆರಿಕದ ಬಿಳಿಯರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಿದ್ದು ದಾಖಲಾಗಿದೆ. ಈಗಿನ ಯುವಿಬಿಯಲ್ಲಿ ಅಂಥ ಏರಿಕೆ ಇದುವರೆಗೆ ಸ್ಪಷ್ಟವಾಗಿ ಕಂಡಿಲ್ಲ. ನಾನು ಅದನ್ನೇ ಆರಿಸಿಕೊಂಡಿದ್ದೂ ಅದಕ್ಕೇ. ನಮ್ಮ ಕಡೆ ಬಾವಂಚಿ ಬೀಜ ಅರೆದು ಹಚ್ಚಿಕೊಂಡು ಬಿಸಿಲಿಗೆ ಕೂರುತ್ತಾರಲ್ವಾ, ಅದರಲ್ಲಿರುವುದೂ ಸೋರಲೆನ್ನೇ. ಅಳತೆಯೇ ಇಲ್ಲ. ಬೊಬ್ಬೆ ಎದ್ದು ಬಂದವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ.

ಅಳತೆಯ ಬೆಲೆ ನನಗೆ ಗೊತ್ತಾಗಿದ್ದೂ ಇದೇ ಹುಡುಗಿಯಿಂದ. ಜುಲೈ ಮಳೆಗೆ ಮೂರು ವಾರ ಬರಲಾಗಲಿಲ್ಲ. ಮತ್ತೆ ಬಂದ ದಿನ ಡೋಸ್ ಅರ್ಧಕ್ಕೆ ಇಳಿಸಬೇಕಿತ್ತು. ಕಾರ್ಡಿನಲ್ಲಿ ತಾರೀಖು ನೋಡದೆ ಹಳೆಯದನ್ನೇ ಬರೆದೆ. ಸಂಜೆ ಫೋನ್ ಬಂತು. ಮೊಣಕೈ ಮೇಲಿನ ಬಿಳಿ ಮಚ್ಚೆ ಕೆಂಪಗಾಗಿ, ತೋಳಿನ ಬಟ್ಟೆ ತಾಕಿದರೂ ಉರಿಯುತ್ತಿತ್ತು. ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಈಗ ಪ್ರತಿ ಕಾರ್ಡಿನ ಮೇಲೆ ಎಷ್ಟು ದಿನ ತಪ್ಪಿದೆ, ಒಟ್ಟು ಎಷ್ಟನೇ ಸಲ ಅಂತ ಕೆಂಪು ಶಾಯಿಯಲ್ಲಿ ಬರೆದ ಮೇಲೆಯೇ ಡೋಸ್. ಕಣ್ಣಿಗೆ ಕನ್ನಡಕ ಹಾಕದೆ ಯಾರನ್ನೂ ಒಳಗೆ ಬಿಡಲ್ಲ. ಆ ತಾಯಿಯಂತೂ ಬಾಗಿಲಲ್ಲೇ ನಿಂತು, "ಒಂಬತ್ತು ದಿನ ಆಗಿದೆ ಡಾಕ್ಟ್ರೇ, ಕಮ್ಮಿ ಮಾಡ್ಬೇಕಲ್ವಾ?" ಅನ್ನುತ್ತಾರೆ.