ಮಹಾಮಾರಿಯ ನಡುವೆ ತಪ್ಪಿದ ಎಚ್‌ಐವಿ ಪರೀಕ್ಷೆ: ಮತ್ತೆ ಆರಂಭಿಸುವುದು ಹೇಗೆ?

ಮಾರ್ಚ್ 2020ರಲ್ಲಿ ಮುಂಬಯಿಯ ಲೋಕಲ್ ರೈಲುಗಳು ನಿಂತಾಗ ಅಲ್ಲಿನ ಲೈಂಗಿಕ ವೃತ್ತಿಯ ಪ್ರದೇಶವಾದ ಕಾಮಾಟಿಪುರದ ಗಲ್ಲಿಗಳಿಗೆ ಗಿರಾಕಿಗಳಷ್ಟೇ ಅಲ್ಲ, ಪರೀಕ್ಷೆಯ ದಿನವನ್ನು ನೆನಪಿಸಿ ಕರೆದೊಯ್ಯುವ ಕಾರ್ಯಕರ್ತೆಯರು ಬರುವುದೂ ಕಷ್ಟವಾಯಿತು. ಲೈಂಗಿಕ ಕಾರ್ಯಕರ್ತೆಯರು, ಲಿಂಗತ್ವ ಅಲ್ಪಸಂಖ್ಯಾತರು, ಪುರುಷರೊಡನೆ ಸಂಪರ್ಕವಿರುವ ಪುರುಷರು ಮತ್ತು ಸೂಜಿಯಿಂದ ಮಾದಕವಸ್ತು ಬಳಸುವವರು ಆರು ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ರಾಷ್ಟ್ರೀಯ ಕಾರ್ಯಕ್ರಮ ಹೇಳುತ್ತದೆ. ಆ ಕ್ರಮ ತಪ್ಪಿದವರು ಹೀಗೆ ಮುಂದುವರಿಯಬಹುದು.

ಮೊದಲು ಲೆಕ್ಕ ಹಾಕಬೇಕಾದದ್ದು ಹಿಂದಿನ ಪರೀಕ್ಷೆಯ ದಿನವನ್ನಲ್ಲ, ಕಾಂಡೋಮ್ ಇಲ್ಲದ ಸಂಪರ್ಕವೋ ಹಂಚಿಕೊಂಡ ಸೂಜಿಯೋ ಆದ ಕೊನೆಯ ದಿನವನ್ನು. ಅದಾಗಿ 72 ಗಂಟೆ ಮೀರಿರದಿದ್ದರೆ ತಡಮಾಡದೆ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ ಸೋಂಕು ತಡೆಯುವ ಮಾತ್ರೆಯನ್ನು ಕೇಳಬೇಕು. ಮೀರಿದ್ದರೆ ಪರೀಕ್ಷೆಯೇ ದಾರಿ. ಆದರೆ ರ‍್ಯಾಪಿಡ್ ಕಿಟ್ ಹುಡುಕುವ ಪ್ರತಿಕಾಯಗಳು ಗೋಚರಿಸಲು ಮೂರು ತಿಂಗಳವರೆಗೂ ಹಿಡಿಯಬಹುದಾದ್ದರಿಂದ, ಈಗ ನೆಗೆಟಿವ್ ಬಂದರೂ ಆ ಅವಧಿ ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಕೋವಿಡ್‌ಗೆಂದು ಕೊಟ್ಟ ಮೂಗಿನ ಸ್ವಾಬ್ ಎಚ್‌ಐವಿಯನ್ನು ತೋರಿಸುವುದಿಲ್ಲ.

ಹೊರಡುವ ಮೊದಲು 1097ಕ್ಕೆ ಉಚಿತ ಕರೆ ಮಾಡಿ, ಹತ್ತಿರದ ಐಸಿಟಿಸಿ, ಅಂದರೆ ಸರ್ಕಾರಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ, ತೆರೆದಿದೆಯೇ ಎಂದು ವಿಚಾರಿಸಿರಿ. ಸಾಂಕ್ರಾಮಿಕದ ವೇಳೆ ಸಿಬ್ಬಂದಿಯನ್ನು ಬೇರೆ ಕೆಲಸಕ್ಕೆ ಹಾಕಿರುತ್ತಾರೆ. ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ.

ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಭಾಷೆಯದು. ಬೆಳಗಾವಿ, ವಿಜಯಪುರದ ಕಡೆಯಿಂದ ಬಂದ ಹೆಣ್ಣುಮಗಳಿಗೆ ಮಾಸ್ಕಿನ ಹಿಂದಿನಿಂದ ಮರಾಠಿಯಲ್ಲಿ ಅವಸರದಲ್ಲಿ ಹೇಳಿದ ಮಾತು ಎಷ್ಟು ತಿಳಿದೀತು? 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಪರೀಕ್ಷೆಗೆ ಮುನ್ನ ವಿಷಯವನ್ನು ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಆದ್ದರಿಂದ “ಕನ್ನಡದಾಗ ಹೇಳ್ರಿ” ಎನ್ನಲು ಸಂಕೋಚ ಬೇಡ. ಕನ್ನಡ ಬಲ್ಲ ಕಾರ್ಯಕರ್ತೆಯನ್ನು ಕರೆದೊಯ್ಯಿರಿ, ಆದರೆ ಫಲಿತಾಂಶವನ್ನು ಆಕೆಯ ಎದುರು ಕೇಳಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು.

ಕೇರಿಯ ಶಿಬಿರದಲ್ಲಿ ಬೆರಳು ಚುಚ್ಚಿ ಮಾಡುವುದು ಪ್ರಾಥಮಿಕ ತಪಾಸಣೆ ಮಾತ್ರ. ಮೂರು ಬೇರೆ ಬೇರೆ ಕಿಟ್‌ಗಳಲ್ಲೂ ರಿಯಾಕ್ಟಿವ್, ಅಂದರೆ ಸೋಂಕಿನ ಸುಳಿವು, ಬಂದರಷ್ಟೇ ಪಾಸಿಟಿವ್ ಎನ್ನುತ್ತಾರೆ. ಆಗ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಉಚಿತ ಮಾತ್ರೆ, ತಡವಿಲ್ಲದೆ ಆರಂಭವಾಗಬೇಕು. ಲಾಕ್‌ಡೌನ್ ಆಗಿ ಊರಿಗೆ ಹೊರಡುವುದಾದರೆ ಒಂದಕ್ಕಿಂತ ಹೆಚ್ಚು ತಿಂಗಳ ಮಾತ್ರೆ ಕೇಳಿ, ಹೆಸರನ್ನು ಊರಿನ ಎಆರ್‌ಟಿ ಕೇಂದ್ರಕ್ಕೆ ವರ್ಗಾಯಿಸಿಕೊಂಡು, ಚಿಕಿತ್ಸೆಯ ಪುಸ್ತಕವನ್ನು ಚೀಲದಲ್ಲಿ ಇಟ್ಟುಕೊಂಡೇ ಬಸ್ ಹತ್ತಬೇಕು.