ಪಾಶ್ ಪದದ ಜಾತಕ ಬಿಡಿಸುವುದು ಹೀಗೆ

‘ಅದು ಪಾಶ್ ಏರಿಯಾ, ಅಡ್ವಾನ್ಸೇ ಜಾಸ್ತಿ’ ಎಂದು ಬೆಂಗಳೂರಿನ ಬ್ರೋಕರ್ ಹೇಳಿದರೆ ಯಾರೂ ನಿಘಂಟು ತೆಗೆಯುವುದಿಲ್ಲ. ಸಿರಿವಂತರ ಬಡಾವಣೆ, ಅಷ್ಟೇ. ಇಂಗ್ಲೆಂಡಿನಲ್ಲಿ ಈ ವಿಶೇಷಣಕ್ಕೆ ಇನ್ನೊಂದು ಮಗ್ಗುಲಿದೆ. ಅಲ್ಲಿ ದುಡ್ಡಿನಷ್ಟೇ ಮನೆತನ, ಓದಿದ ಶಾಲೆ, ಮಾತಿನ ಧಾಟಿಯೂ ಲೆಕ್ಕಕ್ಕೆ ಬರುತ್ತದೆ. ಹೊಗಳಿಕೆಯೋ ಕುಟುಕೋ ಎಂಬುದು ಹೇಳುವವರ ದನಿಯ ಮೇಲೆ. ಪದದ ಬೇರು ಹುಡುಕಲು ಹೊರಟವರು ಮೊದಲು ಇಂಥ ಅರ್ಥಗಳನ್ನೆಲ್ಲ ಗುರುತು ಹಾಕಿಕೊಳ್ಳಬೇಕು.

ಆಮೇಲೆ, ಚಾಲ್ತಿಯಲ್ಲಿರುವ ಕಥೆಯನ್ನು ಅನುಮಾನಿಸಿ. ಪಾಶ್ ಕಥೆ ಭಾರತಕ್ಕೇ ಸೇರಿದ್ದು. ಬ್ರಿಟನ್ನಿನಿಂದ ಇಲ್ಲಿಗೆ ಬರುವ ಹಡಗಿನಲ್ಲಿ ಎಡಬದಿಯ ಕೋಣೆಗಳಿಗೆ ಬಿಸಿಲು ಕಡಿಮೆ, ವಾಪಸಾಗುವಾಗ ಬಲಬದಿಯವಕ್ಕೆ. ಸಾಹೇಬರು ಹೆಚ್ಚು ದುಡ್ಡು ತೆತ್ತು ಅವನ್ನೇ ಹಿಡಿಯುತ್ತಿದ್ದರು. ಪಿ ಅಂಡ್ ಓ ಹಡಗು ಕಂಪನಿಯ ಅವರ ಟಿಕೆಟಿನ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ (ಹೋಗುವಾಗ ಎಡಬದಿ, ಮನೆಗೆ ಮರಳುವಾಗ ಬಲಬದಿ) ಎಂಬುದರ ಮೊದಲಕ್ಷರಗಳಾದ POSH ಮುದ್ರೆ ಬೀಳುತ್ತಿತ್ತು ಎನ್ನುತ್ತಾರೆ. ಕೇಳಲು ಸೊಗಸು! ಆದರೆ ಅಂಥ ಮುದ್ರೆಯ ಒಂದು ಟಿಕೆಟೂ ಈವರೆಗೆ ಸಿಕ್ಕಿಲ್ಲ. ಪದ ಮೊದಲನೆಯ ಮಹಾಯುದ್ಧದ ಹೊತ್ತಿಗೇ ಅಚ್ಚಿನಲ್ಲಿತ್ತು. ಕಥೆ ಕಾಣಿಸಿಕೊಂಡದ್ದು 1930ರ ದಶಕದಲ್ಲಿ. ಮೊದಲಕ್ಷರ ಕೂಡಿಸಿ ಪದ ಕಟ್ಟುವ ಚಾಳಿ ಹೆಚ್ಚಿದ್ದೂ 20ನೇ ಶತಮಾನದಲ್ಲೇ. ಇಂಗ್ಲಿಷ್ ಪದವೊಂದು ಹಳೆಯ ಸಂಕ್ಷಿಪ್ತ ರೂಪ ಎಂದು ಯಾರಾದರೂ ಹೇಳಿದರೆ ಸುಮ್ಮನೆ ಒಪ್ಪಬೇಡಿ.

ಈಗ ಇಸವಿ ಸಮೇತ ಉದಾಹರಣೆ ಕೊಡುವ ನಿಘಂಟು ಬೇಕು. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಅಂಥದ್ದು. ಅದರ ಮೊದಲ ಕಂತು ಬಂದದ್ದು 1884ರಲ್ಲಿ. ಉದಾಹರಣೆಗಳನ್ನು ಹಳೆಯದರಿಂದ ಹೊಸದರತ್ತ ಓದಿ. ವಿಶೇಷಣಕ್ಕೆ ನಿಲ್ಲದೆ ಅದೇ ಉಚ್ಚಾರದ ನಾಮಪದಗಳನ್ನೂ ನೋಡಿ, ಪಾಶ್‌ನ ಸುಳಿವು ಸಿಗುವುದು ಅಲ್ಲೇ. 19ನೇ ಶತಮಾನದ ಕಳ್ಳರ ಗುಪ್ತಭಾಷೆಯಲ್ಲಿ ಪಾಶ್ ಎಂದರೆ ಪುಡಿಗಾಸು, ಅರ್ಧ ಪೆನ್ನಿ. ಆ ಶತಮಾನದ ಕೊನೆಯಲ್ಲಿ ಬಂದ ಆಡುಮಾತಿನ ನಿಘಂಟೊಂದು ಷೋಕಿಲಾಲ ಎಂಬ ಅರ್ಥವನ್ನೂ ಕೊಡುತ್ತದೆ. 1892ರಲ್ಲಿ ಪುಸ್ತಕವಾದ ಇಂಗ್ಲಿಷ್ ಹಾಸ್ಯ ಕಾದಂಬರಿ ‘ದ ಡೈರಿ ಆಫ್ ಎ ನೋಬಡಿ’ಯಲ್ಲಿ ಮರ್ರೇ ಪಾಶ್ ಎಂಬ ಪಾತ್ರವೇ ಇದೆ, ಟೋಪಿ ವ್ಯಾಪಾರದ ದುಡ್ಡಿನವನು.

ಇನ್ನೂ ಹಿಂದೆ ಹೋದರೆ ರೊಮಾನಿ ಭಾಷೆ. ಭಾರತದಿಂದ ಯುರೋಪಿಗೆ ಹೋದ ಅಲೆಮಾರಿಗಳ ನುಡಿಯಲ್ಲಿ ಈ ಪದಕ್ಕೆ ‘ಅರ್ಧ’ ಎಂದರ್ಥ. ಅದರ ಮೂಲ ಸಂಸ್ಕೃತದ ‘ಪಾರ್ಶ್ವ’, ನಮ್ಮ ಪಾರ್ಶ್ವವಾಯುವಿನಲ್ಲಿರುವುದೇ!

ಇಲ್ಲಿ ಖುಷಿಗೆ ಕಡಿವಾಣ ಹಾಕಬೇಕು. ರೊಮಾನಿಯ ‘ಅರ್ಧ’ದಿಂದ ಅರ್ಧ ಪೆನ್ನಿಯವರೆಗಿನ ದಾರಿ ಸಲೀಸು. ಕಾಸಿನಿಂದ ಷೋಕಿಗೆ, ಷೋಕಿಯಿಂದ ಇಂದಿನ ವಿಶೇಷಣಕ್ಕೆ ಸೇತುವೆ ಒದಗಿಸುವ ಪುರಾವೆ ಸಾಲದು. ನಿಘಂಟುಕಾರರು ಮೂಲ ಅನಿಶ್ಚಿತ ಎಂದೇ ಬರೆಯುತ್ತಾರೆ. ನಿಮ್ಮ ಟಿಪ್ಪಣಿಯಲ್ಲೂ ಆ ಕೊಂಡಿಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ.